ಮೂವರೂ ಕ್ಷೇಮ

ಅಣ್ಣ ತೀರಿಕೊಂಡು ವರ್ಷ ಕಳೆದಿದ್ದರೂ ದಿನಾ ಬೆಳಿಗ್ಗೆ ಅತ್ತಿಗೆಯ ಮೊಬೈಲಿಗೆ ಅವನಿಂದ ಮೆಸೇಜು ಬರುತ್ತಿತ್ತು. ‘ಮೂವರೂ ಕ್ಷೇಮ. ಮಾತ್ರೆ ತಗೋ.’ ಅಷ್ಟೇ. ಬದುಕಿದ್ದಾಗಲೂ ಅವನು ಅದಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಸತ್ತ ಮೇಲೆ ಮಾತು ಕಲಿಯುತ್ತಾನೆಂದು ನಾವು ಕಾದಿರಲೂ ಇಲ್ಲ. ಅತ್ತಿಗೆ ಅದನ್ನು ಓದಿ, ಬಿಪಿ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, “ತಗೊಂಡೆ” ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ ನನಗೆ ಅದು ಕೇಳುತ್ತಿತ್ತು. ಆಮೇಲೆಯೇ ನಾನು ದಿನದ ಮೊದಲ ಬಟ್ಟೆಗೆ ಕತ್ತರಿ ಹಾಕುತ್ತಿದ್ದದ್ದು.

ಒಂದು ಮಂಗಳವಾರ ಮೆಸೇಜು ಬರಲಿಲ್ಲ.

ಅತ್ತಿಗೆ ಮೊಬೈಲು ಹಿಡಿದುಕೊಂಡು ಮೆಟ್ಟಿಲಿಳಿದು ಅಂಗಡಿಗೇ ಬಂದರು. ತಲೆ ಬಾಚಿರಲಿಲ್ಲ, ಕಾಲಲ್ಲಿ ಒಂದು ಅವರ ಚಪ್ಪಲಿ, ಇನ್ನೊಂದು ನನ್ನದು.

“ನೋಡೋ ಇದಕ್ಕೇನಾಗಿದೆ ಅಂತ. ಇನ್ನೂ ಬಂದಿಲ್ಲ.”

“ನೆಟ್‌ವರ್ಕ್ ಇಲ್ವೇನೋ ಅತ್ತಿಗೆ.”

“ಸಾಲ ಬೇಕಾ ಅಂತ ಕೇಳೋರ್ದೆಲ್ಲಾ ಬಂದಿದೆ. ಇವರದ್ದೊಂದೇ ಇಲ್ಲ,” ಎಂದು ಅಳಲು ಶುರುಮಾಡಿದರು.

ಆಗ ಅಂಗಡಿಯಲ್ಲಿ ಎದುರುಮನೆಯ ಪಿಟೀಲು ಟೀಚರ್ ಇದ್ದರು. ಅವರ ಪಿಟೀಲಿನ ಪೆಟ್ಟಿಗೆಯ ಒಳಬಟ್ಟೆ ಹರಿದು ಜೂಲು ಜೂಲಾಗಿತ್ತು, ಹೊಸ ಮಖಮಲ್ಲು ಹಾಕಿಕೊಡಿ ಎಂದು ತಂದಿದ್ದರು. ಒಬ್ಬರೇ ಇರುವ ಹೆಂಗಸು. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಅವರ ಮನೆಯಲ್ಲಿ. ಹೊಸದಾಗಿ ಸೇರಿದ ಮಕ್ಕಳು ಕಮಾನು ಎಳೆದರೆ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ ಕೇಳುತ್ತದೆ. ಟೀಚರ್ ಮಾತ್ರ ಒಂದು ದಿನವೂ ದನಿ ಎತ್ತಿದವರಲ್ಲ. ಅವರು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಬಂದು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು.

“ಅಳಬೇಡಿ. ಮಿಷನ್ ತಾನೆ, ಅದಕ್ಕೂ ಒಂದು ದಿನ ರಜ ಬೇಡ್ವಾ? ನಾಳೆ ಬರುತ್ತೆ ನೋಡಿ.”

ಮನೆಗೆ ಹೋಗಿ ಫ್ಲಾಸ್ಕಿನಲ್ಲಿ ಚಹಾ ಮಾಡಿಕೊಂಡು ಬಂದು, ಅತ್ತಿಗೆಗೆ ಕುಡಿಸಿ, ಅವರ ತಲೆಗೂದಲನ್ನು ಕೈಯಲ್ಲೇ ಸರಿಮಾಡಿ ಮೇಲಕ್ಕೆ ಬಿಟ್ಟುಬಂದರು.

ಈ ‘ಮೂವರು’ ಯಾರು ಎಂದು ಹೇಳಿಬಿಡಬೇಕು. ಅಣ್ಣ ಕೆಲಸ ಮಾಡುತ್ತಿದ್ದ ಆಫೀಸು ಹಲವು ಆಸ್ಪತ್ರೆಗಳ ರೋಗಿಗಳ ದಾಖಲೆ ನೋಡಿಕೊಳ್ಳುತ್ತದೆ. ದಾಖಲೆಗಳು ಆಫೀಸಿನಲ್ಲಿರುವುದಿಲ್ಲ. ಎಲ್ಲೋ ದೂರದ ಗೋದಾಮುಗಳಲ್ಲಿ ದೊಡ್ಡ ದೊಡ್ಡ ಕಂಪ್ಯೂಟರುಗಳನ್ನಿಟ್ಟುಕೊಂಡ ಕಂಪನಿಗಳ ಹತ್ತಿರ ಬಾಡಿಗೆಗೆ ಜಾಗ ಹಿಡಿದು ಇಡುತ್ತಾರೆ, ಅದಕ್ಕೆ ಕ್ಲೌಡ್ ಎಂದು ಹೆಸರು. ಒಂದೇ ಕಂಪನಿಯನ್ನು ನೆಚ್ಚಿ ಕೂತರೆ ಅದು ಕೈಕೊಟ್ಟ ದಿನ ನಮ್ಮ ಗತಿಯೇನು ಎಂದು ಆಫೀಸಿನವರು ಮೂರು ಕಂಪನಿಗಳನ್ನು ಹಿಡಿದಿದ್ದರು. ದಾಖಲೆ ಇಟ್ಟುಕೊಳ್ಳಲು ಒಂದು, ಸ್ಕ್ಯಾನುಗಳನ್ನು ಪರೀಕ್ಷಿಸಿ ಹೇಳಲು ಇನ್ನೊಂದು, ಬಂದವರು ಯಾರೆಂದು ಬಾಗಿಲಲ್ಲಿ ವಿಚಾರಿಸಿ ಒಳಗೆ ಬಿಡಲು ಮತ್ತೊಂದು. ಅಣ್ಣ ಅವಕ್ಕೆ ಅದೇ ಕ್ರಮದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಕರೆಯುತ್ತಿದ್ದ. ಆಫೀಸಿನಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು.

“ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಎಣ್ಣೆ ಸೀಗೇಕಾಯಿ. ಒಬ್ರ ಮುಖ ಒಬ್ರು ನೋಡಲ್ಲ. ಸೋದರಮಾವ ಹೇಳಿದ್ರೆ ಮಾತ್ರ ಇಬ್ರೂ ಬಾಗಿಲು ತೆಗೀತಾರೆ. ಈ ಮೂವರನ್ನ ಒಂದೇ ಪಂಕ್ತೀಲಿ ಕೂರ್ಸಿ ಊಟ ಮಾಡ್ಸೋದು ನನ್ನ ಕೆಲಸ,” ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ನಮ್ಮ ನಿಜವಾದ ದೊಡ್ಡಪ್ಪ ಚಿಕ್ಕಪ್ಪಂದಿರೂ ಅದೇ ಜಾತಿಯವರು.

ಮೂವರನ್ನು ಮೊದಲ ಸಲ ಜೋಡಿಸುವಾಗ ಆಸ್ಪತ್ರೆಗಳು ಅವಸರ ಮಾಡುತ್ತಿದ್ದವು. ಕ್ರಮವಾಗಿ ಮಾಡಬೇಕೆಂದರೆ ಮೂರೂ ಕಂಪನಿಗಳು ಕೂತು, ಒಪ್ಪಿ, ಅದಕ್ಕೆಂದೇ ಬೇರೆಯದೊಂದು ಖಾತೆ ತೆರೆದು, ಅದರ ಕೀಲಿಯನ್ನು, ಅಂದರೆ ಪಾಸ್‌ವರ್ಡನ್ನು, ಆಗಾಗ ಬದಲಾಯಿಸುವ ಏರ್ಪಾಡು ಆಗಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಅಣ್ಣ ತನ್ನ ಹೆಸರಿನಲ್ಲೇ ಒಂದು ಖಾತೆ ಮಾಡಿ, ಮೂರೂ ಕಡೆ ಅದು ನಡೆಯುವ ಹಾಗೆ ಕೂರಿಸಿದ. ಆವತ್ತು ಊಟ ಮಾಡುತ್ತ ನನಗೆ ಹೇಳಿದ್ದ:

“ನೀನು ಕಚ್ಚಾ ಹೊಲಿಗೆ ಹಾಕ್ತೀಯಲ್ಲ, ಹಾಗೆ. ಅಳತೆಗೆ ನಿಂತ್ಕೊಳ್ಲಿ ಅಂತ. ಆಮೇಲೆ ಬಿಚ್ಚಿ ಗಟ್ಟಿ ಹೊಲಿಗೆ ಹಾಕೋದು.”

ಕಚ್ಚಾ ಹೊಲಿಗೆ ಬಿಚ್ಚದೆ ಕೋಟು ಕೊಟ್ಟುಕಳಿಸುವ ದರ್ಜಿಯನ್ನು ನಾನು ಕಂಡಿಲ್ಲ. ಅಣ್ಣ ಅದನ್ನು ವರ್ಷಗಟ್ಟಲೆ ಬಿಚ್ಚಲಿಲ್ಲ. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಅದೇ ಅದರ ಕೆಟ್ಟಗುಣ. ಆ ಖಾತೆ ದಿನಾ ಬೆಳಗಾಗುವುದರೊಳಗೆ ಮೂವರ ಮನೆಗೂ ಹೋಗಿ ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡು ಬಂದು ‘ಮೂವರೂ ಕ್ಷೇಮ’ ಎಂದು ಆಫೀಸಿನ ನಾಲ್ಕಾರು ಜನಕ್ಕೆ ತಿಳಿಸುತ್ತಿತ್ತು. ಅತ್ತಿಗೆ ಮಾತ್ರೆ ಮರೆಯಲು ಶುರುಮಾಡಿದ ಮೇಲೆ ಅವರ ನಂಬರನ್ನೂ ಅದಕ್ಕೆ ಸೇರಿಸಿದ್ದ. ‘ಮಾತ್ರೆ ತಗೋ’ ಎಂಬ ಮಾತು ಅವರೊಬ್ಬರಿಗೇ.

ಗುಬ್ಬಿ ಬಂದದ್ದು ಆ ಮಂಗಳವಾರವೇ, ಮಧ್ಯಾಹ್ನ. ಅವಳು ಅಣ್ಣನ ಶಿಷ್ಯೆ. ಕೀಬೋರ್ಡಿನ ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿಕೊಂಡು ಅದನ್ನೇ ಹೆಕ್ಕಿ ತಿನ್ನುತ್ತಾಳೆಂದು ಅಣ್ಣ ಆ ಹೆಸರಿಟ್ಟಿದ್ದ. ಕೆಲಸ ಕಲಿಸಿದವನು ಅವನು, ಊಟ ಹಾಕಿದವರು ಅತ್ತಿಗೆ. ಮಕ್ಕಳಿಲ್ಲದ ಮನೆಯಲ್ಲಿ ಅವಳು ಮಗಳ ಹಾಗೆ ಓಡಾಡಿಕೊಂಡಿದ್ದಳು. ಆವತ್ತು ನಾನು ಮೇಲೆ ಅತ್ತಿಗೆಯ ಹತ್ತಿರ ಕೂತಿದ್ದಾಗ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ನಿಂತಳು.

“ಅಮ್ಮ, ಮೆಸೇಜ್ ನಿಲ್ಸಿದ್ದು ನಾನೇ.”

“ಯಾಕೆ ಮಗಳೇ?”

“ಕಳ್ಳತನ ಆಗಿದೆ. ಆಸ್ಪತ್ರೆ ದಾಖಲೆ ತುಂಬಾ ಹೋಗಿವೆ. ಕದ್ದೋರು ಸರ್ ಖಾತೆಯಿಂದ ಒಳಗೆ ಬಂದಿದ್ದಾರೆ.”

ಅವಳು ನಿಂತಲ್ಲೇ ಹೇಳಿದಳು. ಅಣ್ಣನ ಖಾತೆಯ ಕೀಲಿಯ ನಕಲೊಂದು ಯಾವುದೋ ಹಳೆಯ, ಯಾರೂ ನೋಡದ ಕಂಪ್ಯೂಟರಿನಲ್ಲಿ ಬಿದ್ದಿತ್ತು. ಅದು ಯಾರದೋ ಕೈಗೆ ಸಿಕ್ಕಿದೆ. ಅವರು ಸೋದರಮಾವನ ಬಾಗಿಲಿಗೆ ಹೋಗಿದ್ದಾರೆ. ‘ನಮ್ಮ ಹುಡುಗನೇ, ಬಿಡಿ’ ಎಂದು ಸೋದರಮಾವ ದೊಡ್ಡಪ್ಪನಿಗೆ ಹೇಳಿದೆ. ಸೋದರಮಾವನೇ ಹೇಳಿದ ಮೇಲೆ ಮುಗಿಯಿತು, ದೊಡ್ಡಪ್ಪ ಬಾಗಿಲು ತೆಗೆದಿದೆ. ಅಣ್ಣ ಸತ್ತದ್ದು ಆಫೀಸಿಗೆ ಗೊತ್ತು, ಸಂಬಳದ ವಿಭಾಗಕ್ಕೆ ಗೊತ್ತು, ಬೀದಿಗೆಲ್ಲ ಗೊತ್ತು. ಈ ಮೂವರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಹೇಳಬೇಕಾಗಿದ್ದವಳು ಗುಬ್ಬಿ. ಹೇಳುವ ಮೊದಲು ಅತ್ತಿಗೆಯನ್ನು ಕೇಳಲೆಂದೇ ಅವಳು ಹಿಂದಿನ ವರ್ಷ, ಅಣ್ಣ ಹೋದ ಹೊಸದರಲ್ಲಿ, ಮನೆಗೆ ಬಂದಿದ್ದಳು. ನಾನು ಮೇಲಿನ ಕೋಣೆಯಲ್ಲಿ ಪರದೆಗೆ ಕೊಂಡಿ ಹೊಲಿಯುತ್ತಿದ್ದೆ, ಎಲ್ಲ ಕಿವಿಗೆ ಬಿದ್ದಿತ್ತು.

“ಅಮ್ಮ, ಸರ್ ಖಾತೆ ಮುಚ್ಬೇಕು. ಮುಚ್ಚಿದ್ರೆ ಬೆಳಿಗ್ಗೆ ಮೆಸೇಜ್ ಬರಲ್ಲ. ನಿಮಗೆ ಹೇಳ್ದೆ ಮಾಡೋಕೆ ಮನಸ್ಸು ಬರ್ಲಿಲ್ಲ. ಬೇಕಾದ್ರೆ ಬೇರೆ ಖಾತೆಯಿಂದ ಅದೇ ಮಾತು ಬರೋ ಹಾಗೆ ಮಾಡ್ಕೊಡ್ತೀನಿ. ಅರ್ಧ ದಿನದ ಕೆಲಸ.”

“ಮೇಲ್ಗಡೆ ಅವರ ಹೆಸರು ಇರುತ್ತಾ?”

“ಇಲ್ಲ ಅಮ್ಮ. ಆಫೀಸಿಂದು ಇರುತ್ತೆ.”

ಅತ್ತಿಗೆ “ಇನ್ನೊಂದಿಷ್ಟು ದಿನ ಇರ್ಲಿ ಮಗಳೇ. ಯಾರಿಗೇನು ತೊಂದರೆ?” ಎಂದಿದ್ದರು. ಗುಬ್ಬಿ ತಲೆಯಾಡಿಸಿದ್ದಳು. ಅವಳ ಮೊಬೈಲಿಗೂ ದಿನಾ ಬೆಳಿಗ್ಗೆ ‘ಮೂವರೂ ಕ್ಷೇಮ’ ಬರುತ್ತಿತ್ತಲ್ಲ, ಅವಳಿಗೂ ಅದು ನಿಲ್ಲುವುದು ಬೇಕಿರಲಿಲ್ಲವೇನೋ. ಆಫೀಸಿನ ಆ ನಾಲ್ಕಾರು ಜನಕ್ಕೂ ಅದು ಬರುತ್ತಿತ್ತು. ಸತ್ತವನ ಹೆಸರು ದಿನಾ ಕಣ್ಣೆದುರು ಮಿಂಚಿದರೂ ಅಷ್ಟು ಓದಿಕೊಂಡವರಲ್ಲಿ ಒಬ್ಬನೂ ಕೇಳಲಿಲ್ಲ. ಪಾಪ, ಒಳ್ಳೆಯ ಮನುಷ್ಯ, ಇರಲಿ ಎಂದುಕೊಂಡರು. ಪ್ರೀತಿಯಿಂದ ಹೀಗೊಂದು ತಪ್ಪು ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಈಗ ಗುಬ್ಬಿ ಹೇಳುತ್ತಿದ್ದಳು: “ವಿಚಾರಣೆ ಮಾಡ್ತಾರೆ ಅಮ್ಮ. ಖಾತೆ ಯಾಕೆ ಮುಚ್ಚಿಲ್ಲ ಅಂತ ಕೇಳ್ತಾರೆ. ಮೊದಲನೇದಾಗಿ ಸ್ವಂತ ಹೆಸರಲ್ಲಿ ಯಾಕೆ ಮಾಡಿದ್ರು ಅಂತಾನೂ ಕೇಳ್ತಾರೆ.”

“ಅವರ ಹೆಸರು ಎತ್ಬೇಡ,” ಅತ್ತಿಗೆಯ ದನಿ ಒಮ್ಮೆಲೇ ಗಡುಸಾಯಿತು. “ಆ ಆಫೀಸನ್ನ ಕಟ್ಟಿ ನಿಲ್ಸಿದೋರು ಅವರು. ಸತ್ತೋರ ಮೇಲೆ ಹಾಕೋದು ಸುಲಭ, ಎದ್ದು ಬಂದು ಉತ್ತರ ಕೊಡಲ್ಲವಲ್ಲ.”

“ನಾನು ಎಷ್ಟು ಸಲ ಹೇಳಿದ್ದೆ ಅಮ್ಮ, ಇದೇ ಮನೇಲಿ, ಊಟಕ್ಕೆ ಕೂತಾಗ. ಸರ್, ಆ ಖಾತೆ ಬದಲಾಯ್ಸೋಣ ಅಂತ. ನಾನಿರೋವರೆಗೂ ಏನೂ ಆಗಲ್ಲ ಕಣೇ ಅಂತಿದ್ರು.”

ಅದು ನಿಜ. ನನ್ನ ಕಿವಿಯಾರೆ ಕೇಳಿದ್ದೇನೆ. ಅಣ್ಣ ಹೇಳಿದ್ದೂ ನಿಜವೇ ಆಯಿತು, ಅವನಿರುವವರೆಗೂ ಏನೂ ಆಗಲಿಲ್ಲ.

ಅತ್ತಿಗೆ ಮುಖ ತಿರುಗಿಸಿಕೊಂಡರು. ಗುಬ್ಬಿ ಅವರ ಬೆನ್ನನ್ನೇ ನೋಡುತ್ತ ನಿಂತಿದ್ದು, ಕೊನೆಗೆ ಮೆಲ್ಲಗೆ ಹೇಳಿದಳು:

“ಆಯ್ತು. ಸರ್ ಬಗ್ಗೆ ಹೇಳಲ್ಲ. ನೀವು ಇರ್ಲಿ ಅಂದಿದ್ದೂ ಹೇಳಲ್ಲ. ನಾನು ಮರ್ತೆ ಅಂತ ಹೇಳ್ತೀನಿ.”

“ಹಾಗಂದ್ರೆ ನಿನಗೇನಾಗುತ್ತಮ್ಮ?” ನಾನು ಕೇಳಿದೆ.

“ಮರೆಯೋರ ಕೈಗೆ ಯಾರೂ ಕೀಲಿ ಕೊಡಲ್ಲ ಮಾವ. ಈ ಕೆಲಸದಲ್ಲಿ ಅದೊಂದು ಮಾತು ಬೆನ್ನಿಗೆ ಬಿದ್ರೆ ಮುಗೀತು. ಬೇರೆ ಕಡೆನೂ ಸೇರಿಸ್ಕೊಳಲ್ಲ.”

ನಾನು ಅತ್ತಿಗೆಯ ಕಡೆ ನೋಡಿದೆ. ‘ಬೇಡ ಮಗಳೇ, ಇದ್ದದ್ದನ್ನ ಇದ್ದ ಹಾಗೆ ಹೇಳು’ ಎಂದು ಅವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ತಟ್ಟೆ ತೊಳೆಯಲು ಎದ್ದುಹೋದರು. ಗುಬ್ಬಿ ಮೆಟ್ಟಿಲಿಳಿದು ಹೋದಳು. ತೊಳೆಯಲು ಅಲ್ಲಿ ತಟ್ಟೆಗಳೇ ಇರಲಿಲ್ಲ.

ಮೂರೂ ಕಂಪನಿಗಳು ತಮ್ಮ ತಮ್ಮ ವರದಿ ಕಳಿಸಿದವು. ದೊಡ್ಡಪ್ಪ ‘ನಮ್ಮ ಬಾಗಿಲು ಭದ್ರವಾಗಿತ್ತು’ ಎಂದಿತು. ಚಿಕ್ಕಪ್ಪ ‘ನಮ್ಮದೂ’ ಎಂದಿತು. ಸೋದರಮಾವ ‘ಬಂದವರ ಕೈಯಲ್ಲಿ ಸರಿಯಾದ ಕೀಲಿ ಇತ್ತು, ನಮ್ಮದೇನು ತಪ್ಪು?’ ಎಂದಿತು. ಮೂರು ಮಾತೂ ಸುಳ್ಳಲ್ಲ. ಇದನ್ನೆಲ್ಲ ನಮಗೆ ಹೇಳಿದ್ದು ಆಫೀಸಿನ ಮುಖ್ಯಸ್ಥ. ಆ ವಾರದಲ್ಲೇ ಅತ್ತಿಗೆಯನ್ನು ಮಾತಾಡಿಸಲು ಮನೆಗೆ ಬಂದಿದ್ದ. ಬೆಲೆಬಾಳುವ ಕೋಟು, ಆದರೆ ಎಡಭುಜದ ಹೊಲಿಗೆ ಒಂದೆಳೆ ಹಿಂದಕ್ಕೆ ಹೋಗಿತ್ತು. ಅಂಥ ಕೋಟು ತೊಟ್ಟವರು ಎಷ್ಟು ನೆಟ್ಟಗೆ ಕೂತರೂ ಏನೋ ಬಚ್ಚಿಟ್ಟುಕೊಂಡವರ ಹಾಗೆ ಕಾಣುತ್ತಾರೆ.

“ನೀವೇನೂ ಯೋಚ್ನೆ ಮಾಡ್ಬೇಡಿ,” ಎಂದ ಅವನು. “ಸರ್ ಹೆಸರು ಎಲ್ಲೂ ಬರದ ಹಾಗೆ ನೋಡ್ಕೊಂಡಿದ್ದೀವಿ. ಒಬ್ಬ ನೌಕರಳ ಮರೆವಿನಿಂದ ಆಯ್ತು ಅಂತ ವರದೀಲಿ ಇರುತ್ತೆ. ಅವಳೂ ಒಪ್ಕೊಂಡಿದ್ದಾಳೆ.”

ಆಮೇಲೆ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದ. ಹಿತ್ತಾಳೆಯ ಫಲಕ, ಅದರ ಮೇಲೆ ಅಣ್ಣನ ಹೆಸರು. ಆಫೀಸಿನಲ್ಲಿ ಹೊಸದಾಗಿ ಕಟ್ಟುತ್ತಿರುವ ಕೋಣೆಗೆ, ಮೂರೂ ಕ್ಲೌಡುಗಳನ್ನು ಕಾಯುವ ಕೋಣೆಗೆ, ಅವನ ಹೆಸರಿಡುತ್ತಾರಂತೆ.

ಅತ್ತಿಗೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಹೆಸರನ್ನು ಸವರಲು ಹೋದಾಗ ಚಿತ್ರ ಸರಿದು, ಆ ಮನುಷ್ಯನ ನಾಯಿಯದೋ ಏನೋ ಇನ್ನೊಂದು ಫೋಟೋ ಬಂತು. ಅವರು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡರು. “ಒಳ್ಳೇದು,” ಎಂದಷ್ಟೇ ಹೇಳಿದರು.

ಅವನು ಹೋದ ಮೇಲೆ ನಾನು ತಡೆದುಕೊಳ್ಳಲಿಲ್ಲ.

“ಅತ್ತಿಗೆ, ಆ ಹುಡುಗಿ ಹೊಟ್ಟೆ ಮೇಲೆ ಹೊಡೆದು ಅಣ್ಣನಿಗೆ ಹಿತ್ತಾಳೆ ತಗಡು ಹಾಕ್ಸೋದಾ?”

“ನೀನು ಸುಮ್ನಿರು. ನಿನಗೇನು ಗೊತ್ತು? ನಲವತ್ತು ವರ್ಷ ದುಡಿದೋರು. ಕೊನೆಗೆ ಕಳ್ಳರಿಗೆ ಬಾಗಿಲು ತೆಗೆದೋರು ಅಂತ ಅನ್ನಿಸ್ಕೋಬೇಕಾ?”

“ಅಣ್ಣನೇ ಇದ್ದಿದ್ರೆ ಏನ್ ಮಾಡ್ತಿದ್ದ?”

ಅಣ್ಣ ಇದ್ದಿದ್ದರೆ ತಪ್ಪು ಒಪ್ಪಿಕೊಳ್ಳುತ್ತಿದ್ದ ಎಂದು ನನಗೂ ಖಂಡಿತವಾಗಿ ಗೊತ್ತಿಲ್ಲ. ಅವನು ಒಳ್ಳೆಯವನು, ಆದರೆ ತನ್ನ ಕೆಲಸದಲ್ಲಿ ಹುಳುಕು ತೋರಿಸಿದವರೊಂದಿಗೆ ವಾರಗಟ್ಟಲೆ ಮಾತು ಬಿಡುತ್ತಿದ್ದ. “ನಾಳೆ ನೋಡೋಣ,” ಎಂದು ಅತ್ತಿಗೆ ಹೇಳಿದರು. ಮರುದಿನವೂ ‘ನಾಳೆ’ ಎಂದರು. ನಾನು ಕೋಪ ಮಾಡಿಕೊಂಡು ಮೇಲೆ ಊಟಕ್ಕೆ ಹೋಗುವುದನ್ನೇ ಬಿಟ್ಟು, ಅಂಗಡಿಯಲ್ಲೇ ಬ್ರೆಡ್ಡು ತಿಂದುಕೊಂಡಿದ್ದೆ. ನನ್ನ ಕೋಪದಿಂದ ಗುಬ್ಬಿಗೆ ಮೂರು ಕಾಸಿನ ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಕದ್ದವರು ಕದ್ದದ್ದನ್ನು ಬೀದಿಗೆ ಎರಚಿದರು. ಆಸ್ಪತ್ರೆಗಳಿಂದ ಅವರು ಕೇಳಿದ ಹಣ ಸಿಗಲಿಲ್ಲವಂತೆ. ಇಂಟರ್‌ನೆಟ್ಟಿನಲ್ಲಿ ಊರಿನ ಹೆಸರು, ಬೀದಿಯ ಹೆಸರು ಹಾಕಿ ಹುಡುಕಿದರೆ ಯಾರಿಗೆ ಯಾವ ಕಾಯಿಲೆ, ಯಾವ ವರ್ಷ, ಯಾವ ಔಷಧಿ ಎಲ್ಲ ಬರುತ್ತಿತ್ತು. ಜನ ಹುಡುಕಿದರು. ‘ಛೇ, ನೋಡಬಾರದು’ ಎನ್ನುತ್ತಲೇ ನೋಡಿದರು. ನನ್ನ ಅಂಗಡಿಗೆ ಪ್ಯಾಂಟು ಉದ್ದ ಮಾಡಿಸಲು ಬಂದವನೊಬ್ಬ ನನಗೂ ತೋರಿಸಲು ಬಂದ. ಟೇಪಿನಲ್ಲೇ ಅವನ ಕೈಗೆ ಒಂದು ಬಿಟ್ಟು ಕಳಿಸಿದೆ.

ಆ ಸಂಜೆ ಎದುರುಮನೆಯಲ್ಲಿ ಪಿಟೀಲು ಕೇಳಲಿಲ್ಲ. ಮರುದಿನವೂ ಇಲ್ಲ. ಬೆಕ್ಕಿನ ಬಾಲವೂ ಇಲ್ಲ, ಬಾಗಿಲೂ ಇಲ್ಲ. ಟೀಚರ್ ತಮ್ಮ ಇಪ್ಪತ್ತರ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದರಂತೆ. ಯಾವುದೋ ಕಾಲದಲ್ಲಿ ವಾಸಿಯಾಗಿ, ಮರೆತೂ ಹೋಗಿದ್ದ ಸಂಗತಿ. ಅದು ಪಿಟೀಲಿಗೆ ಬರುವ ಮಕ್ಕಳ ತಾಯಂದಿರಿಗೆ ಗೊತ್ತಾಯಿತು. ಒಬ್ಬರು ಮಗುವಿಗೆ ಪರೀಕ್ಷೆ ಎಂದರು, ಇನ್ನೊಬ್ಬರು ನೆಗಡಿ ಎಂದರು. ಕಾರಣ ಕೇಳದೆಯೇ ಎಲ್ಲರೂ ಕಾರಣ ಹೇಳಿದರು. ಪಿಟೀಲಿನ ಪೆಟ್ಟಿಗೆಗೆ ನಾನು ನೀಲಿ ಮಖಮಲ್ಲು ಹಾಕಿ ಮುಗಿಸಿ ಇಟ್ಟಿದ್ದೆ. ಅದನ್ನು ಒಯ್ಯಲು ಅವರು ಬರಲಿಲ್ಲ, ಕೊಟ್ಟುಬರಲು ನನಗೆ ಕಾಲೇಳಲಿಲ್ಲ.

ಕೊನೆಗೊಂದು ದಿನ ಟೀಚರ್ ಬಂದಾಗ ಬಾಗಿಲ ಹೊರಗೇ ನಿಂತರು. ಇಸ್ತ್ರಿಯಿಲ್ಲದ ಬಟ್ಟೆಯಲ್ಲಿ ಅವರನ್ನು ನಾನು ಮೊದಲ ಸಲ ನೋಡಿದ್ದು. ಅತ್ತಿಗೆ ಆಗ ಅಂಗಡಿಯಲ್ಲೇ ಇದ್ದರು, ನನ್ನನ್ನು ಊಟಕ್ಕೆ ಕರೆಯುವ ನೆಪದಲ್ಲಿ ರಾಜಿಗೆ ಬಂದಿದ್ದರು.

“ಒಳಗೆ ಬನ್ನಿ ಟೀಚರ್,” ಎಂದೆ.

“ಇಲ್ಲ, ಹೊರಡ್ತೀನಿ. ಪೆಟ್ಟಿಗೆ ಕೊಡಿ. ತಿಂಗಳ ಕೊನೇಲಿ ಮನೆ ಖಾಲಿ ಮಾಡ್ತಿದ್ದೀನಿ.” ಮಖಮಲ್ಲಿನ ಮೇಲೆ ಕೈಯಾಡಿಸಿ, “ಚೆನ್ನಾಗಿದೆ,” ಎಂದರು. ಆಮೇಲೆ ಅತ್ತಿಗೆಯನ್ನು ನೋಡಿ, “ಆಸ್ಪತ್ರೆಯೋರು ಹೇಳಿದ್ರು, ಯಾರೋ ಹುಡುಗಿ ಮರ್ತಳಂತಲ್ಲ, ನಿಮ್ಮೆಜಮಾನ್ರ ಆಫೀಸಲ್ಲಿ. ನಾನು ಇಷ್ಟು ವರ್ಷಕ್ಕೆ ಯಾರಿಗೂ ಕೆಟ್ಟದ್ದು ಬಯಸಿದೋಳಲ್ಲ. ಈಗ ದಿನಾ ಎದ್ದ ತಕ್ಷಣ ಅವಳಿಗೆ ಶಾಪ ಹಾಕ್ತೀನಿ. ಮುಖ ಗೊತ್ತಿಲ್ಲ, ಆದ್ರೂ ಹಾಕ್ತೀನಿ,” ಎಂದರು.

ಅತ್ತಿಗೆ ನನ್ನ ಮಿಷನ್ನಿನ ಅಂಚು ಹಿಡಿದುಕೊಂಡರು. ಅವರ ಮುಖ ಬಿಳಿಚಿಕೊಂಡದ್ದು ಕಂಡು ನಾನು ಸ್ಟೂಲು ಸರಿಸಿದೆ. ಅವರು ಕೂರಲಿಲ್ಲ.

“ಅವಳಿಗೆ ಹಾಕ್ಬೇಡಿ,” ಎಂದರು. “ಅವಳು ಮರ್ತಿಲ್ಲ. ಅದು ನಮ್ಮನೆಯೋರ ಖಾತೆ. ಅವರೇ ಮಾಡಿದ್ದು, ಬದಲಾಯ್ಸು ಅಂದ್ರೂ ಬದಲಾಯ್ಸಿಲ್ಲ. ಅವರು ಹೋದ ಮೇಲೆ ಮುಚ್ತೀನಿ ಅಂತ ಅವಳು ಬಂದಿದ್ಲು. ನಾನೇ ಇರ್ಲಿ ಅಂದೆ. ಬೆಳಿಗ್ಗೆ ಒಂದು ಮೆಸೇಜ್ ಬರ್ಲಿ ಅಂತ.”

ಟೀಚರ್ ಸ್ವಲ್ಪ ಹೊತ್ತು ಅರ್ಥವಾಗದವರ ಹಾಗೆ ನೋಡಿದರು. ಅರ್ಥವಾದದ್ದು ನನಗೂ ಕಂಡಿತು. ಅವರು ಬೈದಿದ್ದರೆ ಚೆನ್ನಾಗಿತ್ತು.

“ಆವತ್ತು ಮೆಸೇಜ್ ಬರ್ಲಿಲ್ಲ ಅಂತ ಅಳ್ತಿದ್ರಿ,” ಎಂದರು. “ನಾನು ನಿಮ್ಮ ಕೈ ಹಿಡ್ಕೊಂಡಿದ್ದೆ.”

ಪೆಟ್ಟಿಗೆಯನ್ನು ಎದೆಗವಚಿಕೊಂಡು ರಸ್ತೆ ದಾಟಿದರು. ಫ್ಲಾಸ್ಕು ಇನ್ನೂ ನಮ್ಮ ಮನೆಯಲ್ಲೇ ಇತ್ತು. ಅದನ್ನು ಕೇಳಲೂ ಇಲ್ಲ.

ಆ ದಿನವೇ ಅತ್ತಿಗೆ ಸೀರೆ ಬದಲಾಯಿಸಿ, “ಬಾ,” ಎಂದರು. ನಾನು ಅಂಗಡಿಯ ಶಟರ್ ಎಳೆದು ಹಿಂದೆ ಹೋದೆ. ಆಫೀಸಿನಲ್ಲಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಎಲ್ಲರ ಕುತ್ತಿಗೆಯಲ್ಲೂ ಗುರುತಿನ ಕಾರ್ಡು. ನಮಗೂ ಒಂದೊಂದು ಕೊಟ್ಟು, ಹೋಗುವಾಗ ಮರೆಯದೆ ವಾಪಸು ಕೊಡಿ ಎಂದರು. ಇಷ್ಟು ಮುತುವರ್ಜಿ ಮೊದಲೇ ಇದ್ದಿದ್ದರೆ ಎಂದುಕೊಂಡೆ, ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಕೋಟಿನ ಮುಖ್ಯಸ್ಥ ಎಲ್ಲವನ್ನೂ ಕೇಳಿಸಿಕೊಂಡ. ಅತ್ತಿಗೆ ತಡವರಿಸದೆ ಹೇಳಿದರು, ಗಂಡನ ಹೆಸರು ಬಂದಾಗಲೂ ದನಿ ಇಳಿಸಲಿಲ್ಲ. ಕೇಳಿ ಮುಗಿಸಿ ಅವನು ಕನ್ನಡಕ ತೆಗೆದು ಒರೆಸಿದ.

“ಇದನ್ನ ಹೋದ ವಾರ ಹೇಳಿದ್ರೆ ಏನಾದ್ರೂ ಮಾಡಬಹುದಿತ್ತು. ವರದಿ ಆಸ್ಪತ್ರೆಗಳಿಗೆ ಹೋಗಿದೆ, ಮೂರು ಕಂಪನಿಗಳಿಗೂ ಹೋಗಿದೆ. ಅವಳು ಮೊನ್ನೆ ರಾಜೀನಾಮೆ ಕೊಟ್ಲು.”

“ವರದಿ ತಿದ್ದಿ. ನಮ್ಮೆಜಮಾನ್ರ ಹೆಸರು ಹಾಕಿ. ನನ್ನದೂ ಹಾಕಿ.”

“ತಿದ್ತೀವಿ,” ಎಂದ. ತಿದ್ದಿದನೆಂದೇ ನನ್ನ ನಂಬಿಕೆ, ಮನುಷ್ಯ ಕೆಟ್ಟವನಲ್ಲ. “ಆದ್ರೆ ಮೊದಲನೇ ವರದಿ ಓದಿದೋರೆಲ್ಲ ಎರಡನೇದು ಓದ್ತಾರೆ ಅಂತ ಹೇಳೋಕಾಗಲ್ಲ. ಅವಳನ್ನ ವಾಪಸ್ ಕರೀತೀನಿ ಅಂದ್ರೂ ಆಸ್ಪತ್ರೆಯೋರು ಒಪ್ಪಬೇಕಲ್ಲ.” ಹಿತ್ತಾಳೆಯ ಫಲಕದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅಲ್ಲಿಂದ ನೇರ ಗುಬ್ಬಿಯ ರೂಮಿಗೆ ಹೋದೆವು. ಮೂರನೇ ಮಹಡಿ. ಅತ್ತಿಗೆ ಪ್ರತಿ ತಿರುವಿನಲ್ಲೂ ಗೋಡೆ ಹಿಡಿದು ನಿಂತು ನಿಂತು ಹತ್ತಿದರು. ಗುಬ್ಬಿ ಬಾಗಿಲು ತೆಗೆದಳು. ಒಳಗೆ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು, ತುಟಿಯ ಮೂಲೆಯಲ್ಲಿ ಬಿಸ್ಕತ್ತಿನ ಪುಡಿ. ಅವಳ ಅಕ್ಕನ ಗಂಡನಿಗೆ ಪಾತ್ರೆ ಅಂಗಡಿಯಿದೆ, ಸದ್ಯಕ್ಕೆ ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾಳಂತೆ. ಅತ್ತಿಗೆ ಆಫೀಸಿನಲ್ಲಿ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದರು. ಅವಳು ಕೇಳುತ್ತ, ಕೈಯಲ್ಲಿದ್ದ ಪುಸ್ತಕವನ್ನು ತಿರುಗಿಸುತ್ತ ನಿಂತಿದ್ದಳು.

“ನನ್ನ ಮೇಲೆ ಕೋಪ ಇದ್ಯಾ ಮಗಳೇ?”

ಇಲ್ಲ ಅಮ್ಮ, ಬಿಡಿ ಎಂದು ಹೇಳುತ್ತಾಳೆಂದು ನಾನಂದುಕೊಂಡೆ. ಅತ್ತಿಗೆಯೂ ಅದನ್ನೇ ಬಯಸಿ ಬಂದಿದ್ದರು.

“ಇದೆ ಅಮ್ಮ,” ಎಂದಳು ಗುಬ್ಬಿ. “ನಿಮ್ಮ ಮೇಲೆ ಇದೆ. ಸರ್ ಮೇಲೆ ಇನ್ನೂ ಜಾಸ್ತಿ ಇದೆ. ನನ್ನ ಮೇಲೂ ಇದೆ. ಅರ್ಧ ದಿನದ ಕೆಲಸ ಅಂತ ನಾನೇ ಹೇಳಿದ್ದೆ. ನಿಮ್ಮನ್ನ ಕೇಳೋಕೆ ಬರದೆ ಆ ಅರ್ಧ ದಿನ ಕೂತು ಮಾಡಿ ಮುಗಿಸಿದ್ದಿದ್ರೆ, ನೀವು ಒಂದು ವಾರ ಬೈದು ಸುಮ್ನಾಗ್ತಿದ್ರಿ.”

ಅತ್ತಿಗೆ ಅವಳ ತುಟಿಯ ಮೇಲಿನ ಪುಡಿ ಒರೆಸಲು ಕೈ ಮುಂದೆ ಮಾಡಿದರು. ಅವಳು ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. ಕೈ ಅರ್ಧದಲ್ಲೇ ನಿಂತು ವಾಪಸು ಬಂತು. ನಾವು ಹೊರಟೆವು. ನಾವು ಬಾಗಿಲು ದಾಟಿದ ಮೇಲೆ ಅವಳು ಒಳಗಿನಿಂದ, ಪುಸ್ತಕ ಜೋಡಿಸುತ್ತಲೇ ಕೇಳಿದಳು:

“ಮಾತ್ರೆ ತಗೊಂಡ್ರಾ ಅಮ್ಮ?”

ಅತ್ತಿಗೆ ಕಂಬಿ ಹಿಡಿದು ನಿಂತರು.

“ತಗೊಂಡೆ,” ಎಂದರು, ದಿನಾ ಬೆಳಿಗ್ಗೆ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ.

ಕೆಳಗೆ ಬಂದು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಅವರ ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು. ಮೆಟ್ಟಿಲು ಹತ್ತಿಳಿದದ್ದಕ್ಕೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟೆ. ಅವರು ಕುಡಿಯದೆ ಮಡಿಲಲ್ಲಿಟ್ಟುಕೊಂಡು ಕೂತರು.

“ತಗೊಂಡಿಲ್ಲ ಕಣೋ,” ಎಂದರು ಆಮೇಲೆ. “ಮೆಸೇಜ್ ನಿಂತ ದಿನದಿಂದ ಒಂದೂ ತಗೊಂಡಿಲ್ಲ. ಅವಳಿಗೆ ಇನ್ನೊಂದು ಭಾರ ಯಾಕೆ ಅಂತ ಸುಳ್ಳು ಹೇಳಿದೆ.”

ನಾನು ಬೈದೆ. ರಸ್ತೆಯೆನ್ನದೆ, ಜನ ನೋಡುತ್ತಾರೆನ್ನದೆ, ಅತ್ತಿಗೆ ಎಂಬ ಮರ್ಯಾದೆಯೂ ಇಲ್ಲದೆ ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತ ಬೈಯುತ್ತ ನನಗೇ ಅಳು ಬಂತು. ಬಸ್ಸು ಬಂದಾಗ ಅವರು ನನ್ನ ತೋಳು ಹಿಡಿದುಕೊಂಡು ಹತ್ತಿದರು, ಕಿಟಕಿಯ ಪಕ್ಕ ಕೂತರು. ದಾರಿಯುದ್ದಕ್ಕೂ ಮೊಬೈಲನ್ನು ಕೈಚೀಲದಿಂದ ಹೊರಗೆ ತೆಗೆಯಲಿಲ್ಲ.